ಬರ, ಅನ್ನ ಮತ್ತು ಅಕ್ಷರ: ಪಂಡಿತಾ ರಮಾಬಾಯಿಯವರ ಜೀವನದಲ್ಲಿ ಅನಾಥ ಮಕ್ಕಳ ಶಿಕ್ಷಣದ ಪ್ರಶ್ನೆ

ಹತ್ತೊಂಬತ್ತನೆಯ ಶತಮಾನದ ಭಾರತೀಯ ಸ್ತ್ರೀ ಸುಧಾರಣೆಯ ಚರಿತ್ರೆಯಲ್ಲಿ ಪಂಡಿತಾ ರಮಾಬಾಯಿ (1858-1922) ಅವರ ಹೆಸರು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಪ್ರಸ್ತಾಪಗೊಳ್ಳುತ್ತದೆ. ಸಂಸ್ಕೃತ ಪಾಂಡಿತ್ಯಕ್ಕಾಗಿ ಕಲ್ಕತ್ತೆಯ ವಿದ್ವಾಂಸರಿಂದ ಮನ್ನಣೆ ಪಡೆದದ್ದು ಒಂದು. ಕ್ರೈಸ್ತಮತವನ್ನು ಸ್ವೀಕರಿಸಿದ್ದು ಇನ್ನೊಂದು. ಇವೆರಡರ ನಡುವೆ ಮರೆಯಾಗುವ ಸಂಗತಿಯೆಂದರೆ, 1889ರಿಂದ ಸಾಯುವವರೆಗೆ ಮೂವತ್ತಮೂರು ವರ್ಷಗಳ ಕಾಲ ಅವರು ಪರರ ಹಣದಿಂದ ನಿರ್ಗತಿಕ ಹುಡುಗಿಯರನ್ನು ಸಾಕಿ ಓದಿಸಿದರು ಎಂಬುದು. ಆ ಹಣವನ್ನು ಕೊಟ್ಟವರು ಯಾರು, ಯಾವ ಷರತ್ತಿನ ಮೇಲೆ ಕೊಟ್ಟರು, ಆ ಷರತ್ತು ಕಾಲಕ್ರಮದಲ್ಲಿ ಹೇಗೆ ಬದಲಾಯಿತು ಎಂಬ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಅವರ ಬದುಕಿನ ಆಕಾರವೇ ಬೇರೆಯಾಗಿ ಕಾಣುತ್ತದೆ.

ರಮಾಬಾಯಿಯವರು ಜನಿಸಿದ್ದು 1858ರ ಏಪ್ರಿಲ್ 23ರಂದು, ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದ ಚಿತ್ಪಾವನ ಬ್ರಾಹ್ಮಣ ಮನೆತನದವರು, ತಾಯಿ ಲಕ್ಷ್ಮೀಬಾಯಿ. ಹೆಂಡತಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಅನಂತಶಾಸ್ತ್ರಿಗಳು ಸ್ವಜನರ ವಿರೋಧ ಎದುರಿಸಬೇಕಾಯಿತು. ಉಡುಪಿಯ ವಿದ್ವತ್ಸಭೆಯ ಎದುರು ಹೆಂಗಸರು ಸಂಸ್ಕೃತ ಕಲಿಯುವುದು ಶಾಸ್ತ್ರವಿರುದ್ಧವಲ್ಲವೆಂದು ಅವರು ಗ್ರಂಥಾಧಾರಗಳೊಂದಿಗೆ ಸಮರ್ಥಿಸಬೇಕಾಗಿ ಬಂದಿತು. ಅನಂತರ ಅವರು ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡು ನೆಲೆಸಿದರು. ರಮಾಬಾಯಿ ಇನ್ನೂ ಆರು ತಿಂಗಳ ಕೂಸಾಗಿದ್ದಾಗ ಆ ನೆಲೆಯೂ ತಪ್ಪಿತು. ಅಲ್ಲಿಂದ ಮುಂದೆ ಕುಟುಂಬದ್ದು ತೀರ್ಥಯಾತ್ರೆಯ ಬದುಕು. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ಪುರಾಣ ಹೇಳಿ, ಬಂದ ದಕ್ಷಿಣೆಯಲ್ಲಿ ಕಾಲ ಹಾಕುವುದು. ಮಗಳಿಗೆ ಸಂಸ್ಕೃತ ಬಂದದ್ದು ತಾಯಿಯ ಬಾಯಿಂದ. ಮನೆಮಾತು ಮರಾಠಿಯ ಜೊತೆಗೆ ಕನ್ನಡ, ಹಿಂದುಸ್ತಾನಿ, ಬಂಗಾಳಿಗಳು ದಾರಿಯಲ್ಲಿ ಒದಗಿಬಂದ ಭಾಷೆಗಳು.

1870ರ ದಶಕದ ದಕ್ಷಿಣದ ಬರಗಾಲ ಈ ಕುಟುಂಬವನ್ನು ನುಂಗಿತು. ಪುರಾಣ ಕೇಳುವವರಿಗೇ ಅನ್ನವಿಲ್ಲದಾಗ ಹೇಳುವವರಿಗೆ ದಕ್ಷಿಣೆ ಎಲ್ಲಿಂದ ಬರಬೇಕು? ಕೂಲಿ ಮಾಡಿ ಗೊತ್ತಿಲ್ಲ, ಭಿಕ್ಷೆ ಬೇಡಲು ಅಭಿಮಾನ ಬಿಡದು. ಮೊದಲು ತಂದೆ ತೀರಿಕೊಂಡರು. ಉಳಿದವರು ನಿಜಾಮರ ಸೀಮೆಯ ರಾಯಚೂರಿನವರೆಗೆ ನಡೆದು ಬಂದರು. ಅಲ್ಲಿ ತಾಯಿ ತೀರಿಕೊಂಡರು. ಹೆಣ ಹೊರಲು ನಾಲ್ಕು ಜನ ಸಿಗದೆ, ಇಬ್ಬರು ಬ್ರಾಹ್ಮಣರು ಮತ್ತು ಅಣ್ಣ ಶ್ರೀನಿವಾಸರ ಜೊತೆಗೆ ನಾಲ್ಕನೆಯವರಾಗಿ ರಮಾಬಾಯಿಯವರೇ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಕುಳ್ಳಾಗಿದ್ದ ಕಾರಣ ಹೆಗಲಿನ ಬದಲು ತಲೆಯ ಮೇಲೆ ಹೊತ್ತರು. ಕೆಲಕಾಲದ ಮೇಲೆ ಅಕ್ಕ ಕೃಷ್ಣಾಬಾಯಿಯೂ ಹೋದರು. ರಮಾಬಾಯಿಯವರು ಅನಾಥೆಯಾದದ್ದು ಹೀಗೆ. ಮುಂದೆ ಬರಗಾಲದ ಮಕ್ಕಳನ್ನು ಕಂಡಾಗ ಅವರು ನಡೆದುಕೊಂಡ ರೀತಿಯನ್ನು ಈ ಹಿನ್ನೆಲೆಯಿಲ್ಲದೆ ಕೇವಲ ಮತಪ್ರಚಾರದ ಉತ್ಸಾಹವೆಂದು ಓದುವುದು ಸರಿಯಾಗಲಾರದು.

ಅಣ್ಣ ತಂಗಿ ಉತ್ತರಕ್ಕೆ ನಡೆದು 1878ರಲ್ಲಿ ಕಲ್ಕತ್ತೆ ಸೇರಿದ್ದು, ಅಲ್ಲಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳು ದೊರೆತದ್ದು, 1880ರಲ್ಲಿ ಅಣ್ಣ ತೀರಿಕೊಂಡದ್ದು, ಅದೇ ವರ್ಷ ಶೂದ್ರ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಅವರೊಡನೆ ನೋಂದಣಿ ವಿವಾಹವಾದದ್ದು, 1881ರಲ್ಲಿ ಮಗಳು ಮನೋರಮಾ ಹುಟ್ಟಿದ್ದು, 1882ರಲ್ಲಿ ಕಾಲರಾದಿಂದ ಗಂಡ ತೀರಿಕೊಂಡದ್ದು ಇವೆಲ್ಲ ಪ್ರಸಿದ್ಧ ಸಂಗತಿಗಳು. ಇಪ್ಪತ್ತನಾಲ್ಕರ ವಿಧವೆ ಕೈಗೂಸಿನೊಂದಿಗೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು; ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದರು; ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಮರುವರ್ಷ ಇಂಗ್ಲೆಂಡಿಗೆ ಹೋದರು.

ಇಂಗ್ಲೆಂಡಿನಲ್ಲಿ ಕಳೆದ ಮೂರು ವರ್ಷಗಳು ಪ್ರಸ್ತುತ ವಿಷಯದ ದೃಷ್ಟಿಯಿಂದ ವಿಶೇಷ ಮಹತ್ವದವು. ಅಲ್ಲಿ ಅವರು ವಾಂಟೇಜ್ ಊರಿನ ಸಂತ ಮೇರಿ ಕನ್ಯಾಮಠದಲ್ಲಿ ಉಳಿದರು. ಉಚಿತವಾಗಿ ಉಣ್ಣಲು ಅವರು ಒಪ್ಪಲಿಲ್ಲ. ಭಾರತಕ್ಕೆ ಹೊರಡಲಿದ್ದ ಸಂನ್ಯಾಸಿನಿಯರಿಗೆ ಮರಾಠಿ ಕಲಿಸಿ ಆ ಋಣ ತೀರಿಸುವುದು ಒಪ್ಪಂದವಾಗಿತ್ತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ಅನಂತರ ರಮಾಬಾಯಿ ಡೊರೊಥಿಯಾ ಬೀಲ್ ಅವರು ಮುಖ್ಯಸ್ಥರಾಗಿದ್ದ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜನ್ನು ಸೇರಿದರು. ಜಗಳ ಹುಟ್ಟಿದ್ದು ದೀಕ್ಷೆಯಾದ ಮೇಲೆಯೇ. ಆಂಗ್ಲಿಕನ್ ಸಭೆಯ ಸಿದ್ಧಾಂತಗಳಲ್ಲಿ ತಮಗೆ ಒಪ್ಪಿಗೆಯಾದುದನ್ನು ಮಾತ್ರ ರಮಾಬಾಯಿ ಒಪ್ಪಿದರು. ಅವರ ಪೋಷಕರ ಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡಿನ್‌ಗೆ ಇದು ಅಹಂಕಾರವಾಗಿ ಕಂಡಿತು. ಗಂಡಸರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ತಡೆದಾಗ ಆ ತಡೆಯನ್ನೂ ಅವರು ಪ್ರಶ್ನಿಸಿದರು.

ಇದೆಲ್ಲಕ್ಕಿಂತ ತೀವ್ರವಾದ ವಿವಾದ ಮನೋರಮಾಳ ಧಾರ್ಮಿಕ ಶಿಕ್ಷಣವನ್ನು ಕುರಿತದ್ದು. ಮಗು ಮಠದ ಆಶ್ರಯದಲ್ಲಿದೆ, ಮಠದ ಅನ್ನ ಉಣ್ಣುತ್ತಿದೆ. ಹಾಗಾದರೆ ಅದರ ನಂಬಿಕೆಯನ್ನು ರೂಪಿಸುವ ಹಕ್ಕು ಯಾರದು? ಅರ್ಥವಾಗದ ವಯಸ್ಸಿನಲ್ಲಿ ಸಭೆಯ ಸಿದ್ಧಾಂತಗಳನ್ನು ಮಗುವಿಗೆ ಬಾಯಿಪಾಠ ಮಾಡಿಸುವುದು ರಮಾಬಾಯಿಯವರಿಗೆ ಸಮ್ಮತವಿರಲಿಲ್ಲ. ನಿರ್ಧಾರ ತಾಯಿಯದು, ಬೆಳೆದ ಮೇಲೆ ಮಗಳದು ಎಂಬುದು ಅವರ ವಾದದ ತಿರುಳು. ಎ. ಬಿ. ಶಾಹ್ ಅವರು 1977ರಲ್ಲಿ ಸಂಪಾದಿಸಿ ಪ್ರಕಟಿಸಿದ ಪತ್ರವ್ಯವಹಾರದಲ್ಲಿ ಈ ವಾಗ್ವಾದ ವಿಸ್ತಾರವಾಗಿ ದಾಖಲಾಗಿದೆ. ಪೋಷಿಸುವವರಿಗೂ ಪೋಷಣೆಗೆ ಒಳಗಾದ ಮಗುವಿಗೂ ಇರುವ ಸಂಬಂಧವನ್ನು ಕುರಿತು ಆ ಶತಮಾನದ ಭಾರತೀಯ ಮಹಿಳೆಯೊಬ್ಬರು ನಡೆಸಿದ ಇಷ್ಟು ನಿಷ್ಠುರವಾದ ಚರ್ಚೆ ಅಪರೂಪವೆನ್ನಬೇಕು. ಈ ನಿಲುವನ್ನು ನೆನಪಿನಲ್ಲಿಟ್ಟುಕೊಂಡೇ ಅವರ ಮುಂದಿನ ಸಂಸ್ಥೆಗಳನ್ನು ನೋಡಬೇಕಾಗುತ್ತದೆ.

1886ರಲ್ಲಿ, ವೈದ್ಯೆಯಾಗಿ ಪದವಿ ಪಡೆಯಲಿದ್ದ ಆನಂದಿಬಾಯಿ ಜೋಶಿಯವರ ಘಟಿಕೋತ್ಸವಕ್ಕೆಂದು ರಮಾಬಾಯಿ ಫಿಲಡೆಲ್ಫಿಯಾಕ್ಕೆ ಹೋದರು. ಕೆಲವು ವಾರಗಳಿಗೆಂದು ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಆ ದೇಶದಲ್ಲಿ ಸಂಚರಿಸಿದರು, ಕಿಂಡರ್‌ಗಾರ್ಟನ್ ಬೋಧನಾ ಪದ್ಧತಿಯನ್ನು ಅಭ್ಯಾಸ ಮಾಡಿದರು. 1887ರಲ್ಲಿ ದಿ ಹೈ-ಕಾಸ್ಟ್ ಹಿಂದೂ ವುಮನ್ ಪುಸ್ತಕ ಹೊರಬಂದಿತು. ಪುಸ್ತಕದ ಉದ್ದೇಶ ಸ್ಪಷ್ಟವಿತ್ತು: ಬಾಲವಿಧವೆಯರಿಗೆ ವಸತಿಶಾಲೆ ತೆರೆಯಲು ಹಣ ಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಅಸೋಸಿಯೇಶನ್ ರಚನೆಯಾಯಿತು. ಊರೂರುಗಳಲ್ಲಿ ರಮಾಬಾಯಿ ವೃತ್ತಗಳು ಹುಟ್ಟಿಕೊಂಡವು. ಸದಸ್ಯರು ಹತ್ತು ವರ್ಷ ತಪ್ಪದೆ ವಂತಿಗೆ ಕೊಡುವುದಾಗಿ ವಾಗ್ದಾನ ಮಾಡಿದರು. ಅರಸನೊಬ್ಬನ ದತ್ತಿಯಾಗಲಿ, ಮಿಶನ್ ಸಂಸ್ಥೆಯೊಂದರ ಅನುದಾನವಾಗಲಿ ಇದಾಗಿರಲಿಲ್ಲ. ದೂರದೇಶದ ಸಾಮಾನ್ಯ ಗೃಹಸ್ಥರು, ಅದರಲ್ಲೂ ಮಹಿಳೆಯರು, ತಾವೆಂದೂ ನೋಡದ ಹುಡುಗಿಯರ ಓದಿಗಾಗಿ ವರ್ಷ ವರ್ಷವೂ ಕಟ್ಟುತ್ತಿದ್ದ ಹಣವಿದು. ಇಂದು ಮಕ್ಕಳ ಪ್ರಾಯೋಜಕತ್ವವೆಂದು ಕರೆಯಲಾಗುವ ವ್ಯವಸ್ಥೆಯ ಆರಂಭಿಕ ರೂಪವೊಂದನ್ನು ಇಲ್ಲಿ ಗುರುತಿಸಬಹುದು. ಇಂಥ ದಾನ ನಿಲ್ಲದೆ ಹರಿಯಬೇಕಾದರೆ ಪಡೆಯುವವರ ದುಃಖ ಕೊಡುವವರ ಕಣ್ಣಮುಂದೆ ಸದಾ ಇರಬೇಕಾಗುತ್ತದೆ. 1895ರಲ್ಲಿ ಬ್ರೂಕ್ಲಿನ್ನಿನ ರಮಾಬಾಯಿ ವೃತ್ತಕ್ಕೂ ಸ್ವಾಮಿ ವಿವೇಕಾನಂದರಿಗೂ ಹಿಂದೂ ವಿಧವೆಯರ ಸ್ಥಿತಿಯ ಬಗ್ಗೆ ನಡೆದ ವಾಗ್ಯುದ್ಧದ ಹಿಂದೆ ಈ ಇಕ್ಕಟ್ಟೂ ಇತ್ತು.

ಬಾಸ್ಟನ್ನಿನ ಸಂಘದಲ್ಲಿ ಯೂನಿಟೇರಿಯನ್ನರೂ ಸೇರಿದಂತೆ ಬೇರೆಬೇರೆ ಪಂಥಗಳ ಕ್ರೈಸ್ತರಿದ್ದರು. ಶಾಲೆ ಯಾವ ಮತವನ್ನೂ ಬೋಧಿಸಬಾರದು ಎಂಬ ಷರತ್ತನ್ನು ಅವರೇ ಒಪ್ಪಿಕೊಂಡಿದ್ದರು. ಕ್ರೈಸ್ತರ ಹಣ, ಕ್ರೈಸ್ತ ಮುಖ್ಯಸ್ಥೆ, ಹಿಂದೂ ವಿದ್ಯಾರ್ಥಿನಿಯರು, ಮತನಿರಪೇಕ್ಷ ಪಾಠ ಎಂಬ ಈ ಏರ್ಪಾಡು ಅಂದಿಗೆ ಅಪೂರ್ವವಾದುದು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಅಡುಗೆ ಬ್ರಾಹ್ಮಣ ಪದ್ಧತಿಯದು, ಪೂಜೆ ವ್ರತಗಳಿಗೆ ಅಡ್ಡಿಯಿಲ್ಲ. ರಾನಡೆ, ಭಂಡಾರ್ಕರ್‌ರಂಥ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು. ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ತರುಣ ವಿಧವೆಯೂ ಒಬ್ಬರು. 1893ರಲ್ಲಿ ಅವರನ್ನು ಧೋಂಡೋ ಕೇಶವ ಕರ್ವೆಯವರು ಮದುವೆಯಾದರು.

ಅದೇ 1893ರಲ್ಲಿ ಏರ್ಪಾಡು ಮುರಿದುಬಿತ್ತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು. ಬಯಸಿದ ಹುಡುಗಿಯರು ಬಂದು ಕೂರುತ್ತಿದ್ದರು. ಇದು ಬೋಧನೆಯೋ ಅಲ್ಲವೋ? ಪಾಠಕ್ರಮದಲ್ಲಿ ಕ್ರಿಸ್ತನಿಲ್ಲ ಎಂಬುದು ನಿಜ. ಆದರೆ ಗಂಡನ ಮನೆ, ತೌರುಮನೆ ಎರಡರಲ್ಲೂ ಅನಾದರ ಕಂಡ ಹುಡುಗಿಗೆ ಅನ್ನ, ಅಕ್ಷರ, ಅಕ್ಕರೆಗಳನ್ನು ಕೊಟ್ಟವಳ ತೆರೆದ ಬಾಗಿಲು ಯಾವ ಪಾಠಕ್ಕಿಂತಲೂ ಬಲವಾದ ಬೋಧನೆಯೆಂಬುದೂ ಅಷ್ಟೇ ನಿಜ. ತಿಲಕರ ಕೇಸರಿ ಪತ್ರಿಕೆ ಇದನ್ನು ವಂಚನೆಯೆಂದು ಬಗೆದು ಕಟುವಾಗಿ ಟೀಕಿಸಿತು. ಸಲಹಾ ಮಂಡಳಿಯ ಸುಧಾರಕರು ರಾಜೀನಾಮೆಯಿತ್ತು ದೂರ ಸರಿದರು. ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಹಿಂದಕ್ಕೆ ಕರೆದೊಯ್ದರು. ಬಾಸ್ಟನ್ನಿನ ಸಂಘ ರಮಾಬಾಯಿಯವರ ಬೆಂಬಲಕ್ಕೆ ನಿಂತಿತು. ವಿರೋಧಿಗಳ ಮಾತಿನಲ್ಲಿ ಸ್ತ್ರೀಶಿಕ್ಷಣದ್ವೇಷ ಧಾರಾಳವಾಗಿಯೇ ಇತ್ತು. ಹಾಗೆಂದು ಅವರು ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಒಂದು ದಶಕದ ಹಿಂದೆ ವಾಂಟೇಜ್ ಮಠದ ಎದುರು ರಮಾಬಾಯಿಯವರೇ ಎತ್ತಿದ್ದ ಪ್ರಶ್ನೆ ಅದು. ಸ್ಥಾನಗಳು ಮಾತ್ರ ಅದಲುಬದಲಾಗಿದ್ದವು. ಕರ್ವೆಯವರು 1896ರಲ್ಲಿ ಸ್ವದೇಶೀಯರ ದೇಣಿಗೆಯಿಂದ ಹಿಂದೂ ವಿಧವೆಯರಿಗಾಗಿ ಅನಾಥ ಬಾಲಿಕಾಶ್ರಮವನ್ನು ಆರಂಭಿಸಿದ್ದನ್ನು ಈ ಪ್ರಕರಣದ ರಚನಾತ್ಮಕ ಉತ್ತರವೆಂದು ಪರಿಗಣಿಸಬಹುದು.

ಇಷ್ಟರಲ್ಲಿ ರಮಾಬಾಯಿಯವರ ಒಳಬದುಕೂ ಬದಲಾಗಿತ್ತು. ಬುದ್ಧಿಯಿಂದ ಒಪ್ಪಿದ ಮತ 1890ರ ದಶಕದ ಆರಂಭದಲ್ಲಿ ಭಕ್ತಿಯಾಗಿ ಮಾರ್ಪಟ್ಟಿತು. ಈ ಕಾಲದಲ್ಲಿ ಅವರ ಮೇಲೆ ಪ್ರಭಾವ ಬೀರಿದ ಜೀವನಕಥನಗಳಲ್ಲಿ ಬ್ರಿಸ್ಟಲ್ ನಗರದ ಜಾರ್ಜ್ ಮ್ಯೂಲರ್ ಅವರದು ಒಂದು. ಜರ್ಮನ್ ಮೂಲದ ಮ್ಯೂಲರ್ 1836ರಲ್ಲಿ ಅನಾಥಾಲಯ ತೆರೆದು, ಕ್ರಮೇಣ ಐದು ದೊಡ್ಡ ಕಟ್ಟಡಗಳಲ್ಲಿ ಎರಡು ಸಾವಿರ ಮಕ್ಕಳಿಗೆ ಆಶ್ರಯ ಕೊಟ್ಟವರು. ಯಾರ ಬಳಿಯೂ ಹಣ ಕೇಳಬಾರದು, ಸಾಲ ಮಾಡಬಾರದು, ದೇವರನ್ನು ಮಾತ್ರ ಬೇಡಬೇಕು ಎಂಬುದು ಅವರ ನಿಯಮ. ವಾಗ್ದಾನದ ವಂತಿಗೆ, ಸಮಿತಿ, ಷರತ್ತು, ವರದಿ ಇವುಗಳ ನಡುವೆ ಬಳಲಿದ್ದ ರಮಾಬಾಯಿಯವರಿಗೆ ಈ ಮಾದರಿ ಬಿಡುಗಡೆಯ ದಾರಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಬಾಸ್ಟನ್ನಿನ ಹತ್ತು ವರ್ಷಗಳ ವಾಗ್ದಾನ 1898ಕ್ಕೆ ಮುಗಿಯುವುದರಲ್ಲಿತ್ತು.

ಆಗ ಬಂದದ್ದು 1896-97ರ ಬರ. ಮಧ್ಯಪ್ರಾಂತಗಳಿಂದ ಸುದ್ದಿ ಬರುತ್ತಲೇ ರಮಾಬಾಯಿ ಅಲ್ಲಿಗೆ ಹೊರಟರು. ಗಂಜಿಕೇಂದ್ರಗಳಲ್ಲಿ, ಬಡವರ ಶಿಬಿರಗಳಲ್ಲಿ ಅವರು ಕಂಡದ್ದು ಹಸಿವನ್ನಷ್ಟೇ ಅಲ್ಲ. ಹಸಿದ ಹುಡುಗಿಯರಿಗಾಗಿ ಸುಳಿದಾಡುತ್ತಿದ್ದ ದಲ್ಲಾಳಿಗಳನ್ನೂ ಕಂಡರು. ರಾಯಚೂರಿನ ದಿನಗಳು ಅವರಿಗೆ ನೆನಪಾಗಿರಲೇಬೇಕು. ಸುಮಾರು ಮುನ್ನೂರು ಹುಡುಗಿಯರನ್ನು ಅವರು ಪುಣೆಯ ಕಡೆಗೆ ಕರೆತಂದರು. ಆಗ ಪುಣೆಯಲ್ಲಿ ಪ್ಲೇಗು. ಊರೊಳಗೆ ಅಷ್ಟು ಮಂದಿಯನ್ನು ಇರಿಸಿಕೊಳ್ಳಲು ಸರ್ಕಾರ ಬಿಡಲಿಲ್ಲ. ಹಣ್ಣಿನ ತೋಟಕ್ಕೆಂದು ಮೊದಲೇ ಕೊಂಡಿದ್ದ ಕೇಡಗಾಂವ್‌ನ ಸುಮಾರು ನೂರು ಎಕರೆ ಜಮೀನು ಉಪಯೋಗಕ್ಕೆ ಬಂದಿತು. ಮೊದಲು ಗುಡಿಸಲು, ಆಮೇಲೆ ಕಟ್ಟಡ. ಹೀಗೆ ಮುಕ್ತಿ ಸದನ ರೂಪುಗೊಂಡಿತು. ಪ್ಲೇಗು ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಖಂಡಿಸಿ 1897ರಲ್ಲಿ ಅವರು ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಬರೆದ ಪತ್ರ ಬ್ರಿಟಿಷ್ ಸಂಸತ್ತಿನಲ್ಲೂ ಪ್ರಸ್ತಾಪವಾಯಿತು. ಕ್ರೈಸ್ತರಾದ ಕಾರಣಕ್ಕೆ ಅವರು ಸರ್ಕಾರದ ಪಕ್ಷಪಾತಿಯಾಗಿರಲಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

1900ರ ಸುಮಾರಿಗೆ ಗುಜರಾತಿನ ಬರದಿಂದ ಇನ್ನೂ ಒಂದು ಸಾವಿರಕ್ಕೂ ಹೆಚ್ಚು ಮಂದಿ ಸೇರಿ, ನಿವಾಸಿಗಳ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಬಂದಿತು. ಈ ಸಲ ಬರದ ಊರುಗಳಿಗೆ ಹೋಗಿ ಮಕ್ಕಳನ್ನು ಕರೆತಂದವರಲ್ಲಿ ಸಂಸ್ಥೆಯಲ್ಲೇ ಬೆಳೆದ ಹೆಂಗಸರಿದ್ದರು. ಶಾರದಾ ಸದನದಲ್ಲಿ ಓದಿದ ವಿಧವೆಯರು ಇಲ್ಲಿ ಉಪಾಧ್ಯಾಯಿನಿಯರಾದರು, ಮೇಲ್ವಿಚಾರಕಿಯರಾದರು. ಒಬ್ಬೊಬ್ಬರ ಸುಪರ್ದಿಗೆ ಕೆಲವು ಮಕ್ಕಳು. ತಲೆಯಲ್ಲಿ ಹುಣ್ಣು, ಮೈಯಲ್ಲಿ ರೋಗ ಹೊತ್ತು ಬಂದ ಮಕ್ಕಳನ್ನು ತೊಳೆದು, ಉಣಿಸಿ, ಕದಿಯುವ ಮತ್ತು ಬಚ್ಚಿಡುವ ಹಸಿವಿನ ಅಭ್ಯಾಸ ಬಿಡಿಸಿ ಪಾಠಕ್ಕೆ ಕೂರಿಸುವ ಕೆಲಸವನ್ನು ಬಹುಪಾಲು ನಿರ್ವಹಿಸಿದವರು ಅವರೇ.

ಮುಕ್ತಿಯ ಶಿಕ್ಷಣಕ್ರಮದಲ್ಲಿ ಓದು ಬರಹಗಳ ಜೊತೆಗೆ ದುಡಿಮೆಗೆ ಸಮಾನ ಸ್ಥಾನವಿತ್ತು. ಮಗ್ಗ, ಹೊಲಿಗೆ, ಎಣ್ಣೆ ಗಾಣ, ಹೈನು, ತೋಟ, ಮುದ್ರಣಾಲಯ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡು ಹುಡುಗಿಯರು ಬ್ರೈಲ್ ಕಲಿತರು, ಬುಟ್ಟಿ ಹೆಣೆದರು. ವಂಚನೆಗೊಳಗಾದ ಹೆಂಗಸರಿಗೆ ಕೃಪಾ ಸದನ, ಮುದುಕಿಯರಿಗೆ ಪ್ರೀತಿ ಸದನ, ಗಂಡುಮಕ್ಕಳಿಗೆ ಸದಾನಂದ ಸದನ ಎಂದು ಪ್ರತ್ಯೇಕ ವಿಭಾಗಗಳಾದವು. ಶಾರದಾ ಸದನದಲ್ಲಿ ಬ್ರಾಹ್ಮಣ ಅಡುಗೆಮನೆ ಇದ್ದರೆ ಇಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಒಂದೇ ಪಂಕ್ತಿ. ಮೇಲ್ಜಾತಿಯ ವಿಧವೆಯನ್ನು ಕೇಂದ್ರದಲ್ಲಿಟ್ಟುಕೊಂಡು ಹೊರಟ ಚಿಂತನೆ ರೈತ, ಕೂಲಿಕಾರರ ಅನಾಥ ಮಗುವಿನವರೆಗೆ ಬಂದು ಮುಟ್ಟಿತು. ರಮಾಬಾಯಿಯವರ ಬದುಕಿನ ಅತಿ ದೊಡ್ಡ ಪಲ್ಲಟ ಇದೇ ಹೊರತು ಮತಾಂತರವಲ್ಲ ಎಂದು ವಾದಿಸಲು ಆಧಾರಗಳಿವೆ. 1885ರಲ್ಲಿಯೇ ತಮ್ಮ ಸತ್ಸಾರದಲ್ಲಿ ರಮಾಬಾಯಿಯವರನ್ನು ಸಮರ್ಥಿಸಿದ್ದ ಜೋತಿಬಾ ಫುಲೆ ಇದನ್ನು ನೋಡಲು ಉಳಿದಿರಲಿಲ್ಲ. ಅವರು 1890ರಲ್ಲಿ ತೀರಿಕೊಂಡಿದ್ದರು.

ಆದರೆ ಮುಕ್ತಿ ತೆರೆದ ಕ್ರೈಸ್ತ ಸಂಸ್ಥೆ. ಇಲ್ಲಿ ಮತನಿರಪೇಕ್ಷತೆಯ ಷರತ್ತಿಲ್ಲ, ಹಿಂದೂ ಸಲಹಾ ಮಂಡಳಿಯಿಲ್ಲ. ಬೈಬಲ್ ಪಾಠ, ಪ್ರಾರ್ಥನೆಗಳು ದಿನಚರಿಯ ಭಾಗ. 1898ರಲ್ಲಿ ಅಮೆರಿಕದ ಸಂಘ ಹೊಸದಾಗಿ ರಚನೆಗೊಂಡು ಶಾರದಾ ಸದನದ ನೆರವನ್ನು ಮುಂದುವರಿಸಿತು. ಮುಕ್ತಿಯ ಅನ್ನ ಮಾತ್ರ ಬಹುಮಟ್ಟಿಗೆ ದೇಶವಿದೇಶಗಳ ಸುವಾರ್ತಾ ಪಂಥದ ದಾನಿಗಳಿಂದ ಬರುತ್ತಿತ್ತು. ಮುಕ್ತಿ ಪ್ರೇಯರ್ ಬೆಲ್ ಎಂಬ ಪತ್ರಿಕೆ ಅವರಿಗೆ ಸಂಸ್ಥೆಯ ವೃತ್ತಾಂತ ಮುಟ್ಟಿಸುತ್ತಿತ್ತು. 1905ರಲ್ಲಿ ಅಲ್ಲಿ ಕಾಣಿಸಿಕೊಂಡ ಭಾವಾವೇಶದ ಧಾರ್ಮಿಕ ಜಾಗೃತಿ ಕ್ರೈಸ್ತ ಜಗತ್ತಿನಲ್ಲೆಲ್ಲ ಸುದ್ದಿಯಾಯಿತು.

ಇಲ್ಲಿ ಒಂದು ಅಸಮತೆಯನ್ನು ಗಮನಿಸಬೇಕು. 1893ರಲ್ಲಿ ಶಾರದಾ ಸದನದ ಹುಡುಗಿಯರ ನಂಬಿಕೆಯ ವಿಷಯ ಬಂದಾಗ ಪುಣೆಯ ಪತ್ರಿಕೆಗಳು ಮಾತಾಡಿದವು, ವಿದ್ವಾಂಸರು ರಾಜೀನಾಮೆ ಕೊಟ್ಟರು, ಬಂಧುಗಳು ಬಂದು ಕರೆದೊಯ್ದರು. ಆ ಹುಡುಗಿಯರಿಗೆ, ಎಷ್ಟೇ ಅನಾದರದ್ದಾಗಲಿ, ಹಿಂದಿರುಗಲು ಮನೆಗಳಿದ್ದವು. ಅವರ ಧರ್ಮಕ್ಕೆ ವಾರಸುದಾರರಿದ್ದರು. ಮುಕ್ತಿಯ ಮಕ್ಕಳನ್ನು ಅಂಥ ಹಕ್ಕಿನಿಂದ ಕೇಳಿಕೊಂಡು ಬರುವವರು ವಿರಳ. ಮನೋರಮಾಳಿಗಾಗಿ ವಾದಿಸಲು ತಾಯಿಯಿದ್ದರು. ಈ ಮಕ್ಕಳ ಪರವಾಗಿ, ಬೆಳೆದ ಮೇಲೆ ಅವರೇ ನಿರ್ಧರಿಸಲಿ ಎಂದು ವಾದಿಸಬಹುದಾಗಿದ್ದ ತಾಯಿ ಸ್ಥಾನದಲ್ಲಿ ರಮಾಬಾಯಿಯವರೇ ಇದ್ದರು. ಅವರ ಪಾಲಿಗೆ ಅನ್ನದಷ್ಟೇ ಕ್ರಿಸ್ತನೂ ಮಗುವಿಗೆ ಸಲ್ಲಬೇಕಾದ ಆಸ್ತಿಯಾಗಿದ್ದನು. ಇದನ್ನು ಕಪಟವೆನ್ನಲಾಗದು, ಏಕೆಂದರೆ ಅವರು ಏನನ್ನೂ ಮುಚ್ಚಿಡಲಿಲ್ಲ. ಬರದಲ್ಲಿ ಆ ಮಕ್ಕಳನ್ನು ಸಾಯಲು ಬಿಟ್ಟ ಸಮಾಜ ಅವರ ಮತವನ್ನು ಕುರಿತು ದೂರಲು ಎಷ್ಟರಮಟ್ಟಿಗೆ ಅರ್ಹ ಎಂಬ ಮರುಪ್ರಶ್ನೆಗೂ ಬಲವಿದೆ. ಆದರೂ ವಾಂಟೇಜ್‌ನಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿದ್ದ ಮಗುವಿನ ಸ್ವಾತಂತ್ರ್ಯದ ಪ್ರಶ್ನೆ ಕೇಡಗಾಂವ್‌ನಲ್ಲಿ ಹಿಂದೆ ಸರಿಯಿತೆಂಬುದನ್ನು ಅವರ ಅಭಿಮಾನಿಗಳ ಚರಿತ್ರೆಗಳು ಹೇಳುವುದಿಲ್ಲ. ವಿರೋಧಿಗಳ ಬರಹಗಳೋ, ಅಲ್ಲಿ ಮಗ್ಗ ನೇಯಲು, ಅಚ್ಚುಮೊಳೆ ಜೋಡಿಸಲು ಕಲಿತ ಹುಡುಗಿಯರತ್ತ ಕಣ್ಣೆತ್ತಿಯೂ ನೋಡುವುದಿಲ್ಲ.

ಮನೋರಮಾ ಬೆಳೆದು ತಾಯಿಯ ಬಲಗೈಯಾದರು, ಶಾರದಾ ಸದನದ ಪ್ರಾಂಶುಪಾಲೆಯಾದರು. 1912ರ ಸುಮಾರಿಗೆ ತಾಯಿ ಮಗಳು ಸೇರಿ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಕ್ರೈಸ್ತ ಹೈಸ್ಕೂಲನ್ನು ತೆರೆದರು. ಆಗ ಅದು ರಾಯಚೂರಿನಂತೆಯೇ ನಿಜಾಮರ ಆಳ್ವಿಕೆಯ, ಶಿಕ್ಷಣದಲ್ಲಿ ತೀರ ಹಿಂದುಳಿದ ಪ್ರದೇಶ. ಕನ್ನಡ ನಾಡಿನ ಸ್ತ್ರೀಶಿಕ್ಷಣದ ಚರಿತ್ರೆಯಲ್ಲಿ ಈ ಪ್ರಯತ್ನಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲ.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಬೈಬಲ್ಲನ್ನು ಹೀಬ್ರೂ, ಗ್ರೀಕ್ ಮೂಲಗಳಿಂದ ಸರಳ ಮರಾಠಿಗೆ ತರುವ ಕೆಲಸದಲ್ಲಿ ಮುಳುಗಿದರು. ಅಲ್ಪ ಓದಿನ ಹೆಂಗಸರಿಗೂ ತಿಳಿಯಬೇಕೆಂಬುದು ಅವರ ಗುರಿ. ಸಂಸ್ಕೃತದಲ್ಲೇ ಬೆಳೆದ ಪಂಡಿತೆ ಸಂಸ್ಕೃತಭೂಯಿಷ್ಠ ಮರಾಠಿಯನ್ನು ಉದ್ದೇಶಪೂರ್ವಕವಾಗಿ ಬಿಟ್ಟುಕೊಟ್ಟರು. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ನೀಡಿತು. 1921ರ ಜುಲೈನಲ್ಲಿ ಮನೋರಮಾ ತೀರಿಕೊಂಡರು. ಅನುವಾದವನ್ನು ಮುಗಿಸಿ ರಮಾಬಾಯಿಯವರು 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ನಿಧನ ಹೊಂದಿದರು. ಸಂಪೂರ್ಣ ಬೈಬಲ್ ಹೊರಬಂದದ್ದು 1924ರಲ್ಲಿ. ಅದರ ಮೊಳೆಗಳನ್ನು ಜೋಡಿಸಿ, ಹಾಳೆಗಳನ್ನು ಅಚ್ಚು ಹಾಕಿದವರು ಮುಕ್ತಿಯ ಮುದ್ರಣಾಲಯದ ಹೆಂಗಸರು.